ಪಾಸ್ಕಾಲೆವಾ ಹಾಕದ ಸಹಿ

ಹಿಂದಿನಿಂದ ಧಡ್ ಎಂದು ಗುದ್ದಿತು!

ನನ್ನ ಹಳೆಯ ಕಾರು ರಸ್ತೆಯಂಚಿನ ತಡೆಗೋಡೆಗೆ ಉಜ್ಜಿಕೊಂಡು ಕಿರುಚಿತು. ಕೆಳಗೆ ಇನ್ನೂರು ಅಡಿ ಪ್ರಪಾತ. ಕನ್ನಡಿಯಲ್ಲಿ ಕಪ್ಪು ಜೀಪು. ಓಡಿಸುತ್ತಿದ್ದವನು ಬೋಝ್ಕೊ. ಒಂದು ಕಾಲದ ಕುಸ್ತಿಪಟು, ಈಗ ಆಸ್ಪತ್ರೆ ಮಾಲೀಕ ಗಾಂಚೆವ್ ಸಾಕಿಕೊಂಡಿರುವ ಗೂಳಿ.

ಗಂಟೆ ಹತ್ತೂ ಹತ್ತು. ಹನ್ನೊಂದಕ್ಕೆ ನನ್ನ ಅಕ್ಕ ರುಮ್ಯಾನಾ ಆ ಆಸ್ಪತ್ರೆಯ ವಿಕಿರಣ ಯಂತ್ರದ ಕೆಳಗೆ ಮಲಗುತ್ತಾಳೆ. ಗಂಟಲಿನ ಕ್ಯಾನ್ಸರ್. ಈಗಾಗಲೇ ಹದಿನಾರು ಸಲ ಮಲಗಿದ್ದಾಳೆ.

ಹದಿನೇಳನೆಯ ಸಲ ಮಲಗಬಾರದು!

ಒಂದು ಕೈಯಲ್ಲಿ ಸ್ಟೀರಿಂಗ್. ಇನ್ನೊಂದರಲ್ಲಿ ಫೋನು.

"ಅಕ್ಕಾ, ಇವತ್ತು ಒಳಗೆ ಹೋಗ್ಬೇಡ!"

"ಯಾಕೋ?" ಅವಳ ದನಿ ಗೊರಗೊರ ಎನ್ನುತ್ತಿತ್ತು.

"ಮಷೀನು ಸರಿ ಇಲ್ಲ. ನಿನ್ನ ಸುಡ್ತಾ ಇದೆ."

"ನೀನ್ಯಾವಾಗ ಡಾಕ್ಟ್ರಾದ್ಯೋ?"

"ನನ್ನ ನಂಬು!"

"ನಿನ್ನನ್ನಾ? ಅಮ್ಮನ ಮಣ್ಣಿಗೂ 'ದಾರೀಲಿದೀನಿ' ಅಂದು ಬರದೇ ಇದ್ದೋನು ನೀನು... ಫೋನಿಡೋ ಸ್ತಾಮೆನ್."

ಕಟ್!

ತಪ್ಪು ಅವಳದಲ್ಲ. ಸುಳ್ಳು ನನ್ನ ಕಸುಬು. ಯಾರಿಗೆ ಯಾವ ಕಾಗದ ಬೇಕೋ ಅದನ್ನು ಹುಟ್ಟಿಸಿ ಕೊಡುತ್ತೇನೆ.

ಹೋದ ವರ್ಷ ಗಾಂಚೆವ್ ಬಂದ. ಬೆಟ್ಟದ ಮೇಲಿನ ನಮ್ಮೂರಿಗೆ ಹೊಸ ಯಂತ್ರ ತಂದಿದ್ದ. ಅದು ಎಷ್ಟು ಕಿರಣ ಉಗುಳುತ್ತದೆ ಎಂದು ಅಳೆದು ಸಹಿ ಹಾಕಲು ಭೌತವಿಜ್ಞಾನಿಯೊಬ್ಬ ಬೇಕು. ಲೈಸೆನ್ಸ್ ಇರುವವನೇ ಬೇಕು. ಅದಕ್ಕೆ ಎರಡು ಡಿಗ್ರಿ, ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಅನುಭವಿಯ ಕೈಕೆಳಗೆ ವರ್ಷಗಟ್ಟಲೆ ತರಬೇತಿ, ಕೊನೆಗೆ ಪರೀಕ್ಷೆ. ತರಬೇತಿಯ ಪತ್ರ ತೋರಿಸದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಗಾಂಚೆವ್ ವೆಸೆಲಿನ್ ಎಂಬ ಯುವಕನನ್ನು ಹಿಡಿದು ತಂದಿದ್ದ. ಡಿಗ್ರಿ ಎರಡೂ ಅಸಲಿ. ತರಬೇತಿ ಸೊನ್ನೆ.

"ಅಷ್ಟು ವರ್ಷ ಯಾರಯ್ಯಾ ಕಾಯ್ತಾರೆ?" ಎಂದ ಗಾಂಚೆವ್.

ಆ ವರ್ಷಗಳನ್ನೆಲ್ಲ ನಾನು ಒಂದೇ ಮಧ್ಯಾಹ್ನದಲ್ಲಿ ತಯಾರಿಸಿದೆ! ಪತ್ರದ ಕೆಳಗೆ ಪ್ಲಾವ್ಡಿವ್ ನಗರದ ದೊಡ್ಡಾಸ್ಪತ್ರೆಯ ಹಿರಿಯ ಭೌತವಿಜ್ಞಾನಿ ಮಿಲೆನಾ ಪಾಸ್ಕಾಲೆವಾ ಅವರ ಸಹಿ ಬಿಡಿಸಿದೆ. ಚೆನ್ನಾಗಿ ಬಂದಿತ್ತು, ನನಗೇ ಹೆಮ್ಮೆ ಎನಿಸಿತು. ಪರೀಕ್ಷೆಯನ್ನು ವೆಸೆಲಿನ್ ಸ್ವಂತ ಬುದ್ಧಿಯಿಂದಲೇ ಪಾಸು ಮಾಡಿದ.

ಆಮೇಲೆ ಅಕ್ಕನಿಗೆ ಈ ಕಾಯಿಲೆ.

"ಊರಲ್ಲೇ ಮಷೀನಿರುವಾಗ ಪ್ಲಾವ್ಡಿವ್‌ಗೆ ಯಾಕೆ ಅಲೀಲಿ?" ಎಂದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಜೈಲು. ವೆಸೆಲಿನ್ ಬುದ್ಧಿವಂತ, ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ಥೂ, ನನ್ನ ಜನ್ಮಕ್ಕೆ!

ನಿನ್ನೆ ಅವಳಿಗೆ ಮೊಸರೂ ಗಂಟಲಲ್ಲಿ ಇಳಿಯಲಿಲ್ಲ.

"ನನಗೊಬ್ಬಳಿಗೇ ಅಲ್ಲ ಕಣೋ. ಅಲ್ಲಿ ಬರೋರೆಲ್ಲ ಹೀಗೇ ಒದ್ದಾಡ್ತಿದಾರೆ," ಎಂದಳು.

ಎಲ್ಲರಿಗೂ ಹೀಗೇ ಎಂದರೆ ತಪ್ಪು ಯಂತ್ರದ್ದೇ!

ಈ ಬೆಳಿಗ್ಗೆ ಎಂಟಕ್ಕೆ ಪ್ಲಾವ್ಡಿವ್‌ನಲ್ಲಿ ಪಾಸ್ಕಾಲೆವಾ ಮುಂದೆ ನಿಂತಿದ್ದೆ. ಯಾರ ಸಹಿ ಕದ್ದೆನೋ ಅವರ ಮುಂದೆಯೇ! ಎಲ್ಲ ಕಕ್ಕಿದೆ. ಅವರು ಬೈಯಲಿಲ್ಲ.

"ಅವನಿಗೆ ಫೋನ್ ಮಾಡಿ. ಮಷೀನು ಅಳೆಯುವಾಗ ಗಾಳಿಯ ಒತ್ತಡದ ಸಂಖ್ಯೆ ಎಲ್ಲಿಂದ ತಗೊಳ್ತಾನೆ, ಕೇಳಿ."

ಕೇಳಿದೆ.

"ಫೋನಲ್ಲೇ ಬರುತ್ತಲ್ಲಣ್ಣ! ಹವಾಮಾನದ ಆ್ಯಪ್‌ನಲ್ಲಿ," ಎಂದ ವೆಸೆಲಿನ್.

ಪಾಸ್ಕಾಲೆವಾ ಕಣ್ಣು ಮುಚ್ಚಿಕೊಂಡರು.

"ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ! ನಿಮ್ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಗಾಳಿ ತೆಳು. ಕಿರಣ ಅಳೆಯೋ ಮೀಟರು ಕಮ್ಮಿ ತೋರ್ಸುತ್ತೆ. ಅದನ್ನ ಸರಿಪಡಿಸೋಕೆ ಆ ಕೋಣೆಯ ನಿಜವಾದ ಒತ್ತಡ ಬೇಕು. ಇವನು ಮಷೀನೇ ಕಮ್ಮಿ ಕೊಡ್ತಿದೆ ಅಂದ್ಕೊಂಡು ಏರಿಸಿಬಿಟ್ಟಿದಾನೆ!"

"ಎಷ್ಟು, ಮೇಡಂ?"

"ನೂರಕ್ಕೆ ಹದಿಮೂರು, ಹದಿನಾಲ್ಕು ಜಾಸ್ತಿ. ದಿನಾ. ಎಲ್ಲರಿಗೂ."

"ಇದು ಪುಸ್ತಕದಲ್ಲಿ ಇಲ್ವಾ?"

"ಇದೆ. ಓದಿರ್ತಾನೆ, ಬರೆದೂ ಇರ್ತಾನೆ. ನನ್ನ ಹತ್ರ ಇದ್ದಿದ್ರೆ ಮೊದಲನೇ ವಾರವೇ ಈ ತಪ್ಪು ಮಾಡಿ, ಬೈಸ್ಕೊಂಡು, ಸಾಯೋವರೆಗೂ ಮರೀತಿರ್ಲಿಲ್ಲ."

ಅವರೇ ಆಸ್ಪತ್ರೆಗೆ ಫೋನ್ ಮಾಡಿದರು. ಗಾಂಚೆವ್ ಪೂರ್ತಿ ಕೇಳಿಸಿಕೊಂಡು ಇಟ್ಟುಬಿಟ್ಟ. ಲೈಸೆನ್ಸ್ ಕೊಡುವ ಇಲಾಖೆಯವರು ಸಾಕ್ಷಿ ಸಮೇತ ಬರೆದು ಕೊಡಿ ಎಂದರು. ಸಾಕ್ಷಿ ನಾನೇ! ಅಲ್ಲೇ ತಪ್ಪೊಪ್ಪಿಗೆ ಬರೆದು ಪಾಸ್ಕಾಲೆವಾ ಕೈಗಿಟ್ಟು ಕಾರು ಹತ್ತಿದೆ. ಅರ್ಧ ದಾರಿಯಲ್ಲಿ ಬೋಝ್ಕೊ ಕಾದಿದ್ದ.

ಧಡ್! ಮತ್ತೆ ಗುದ್ದಿದ.

ಮುಂದೆ ಮರದ ದಿಮ್ಮಿ ತುಂಬಿದ ಲಾರಿ. ಎದುರಿನಿಂದ ಬಸ್ಸು. ನಡುವೆ ಒಂದು ಕಾರಿನಷ್ಟೇ ಜಾಗ... ಅದೂ ಇತ್ತೋ ಇಲ್ಲವೋ!

ನುಗ್ಗಿದೆ.

ಪಕ್ಕದ ಕನ್ನಡಿ ಚೂರಾಗಿ ಹಾರಿತು. ಬಸ್ಸಿನವನು ನನ್ನ ವಂಶವನ್ನೆಲ್ಲ ಜಾಲಾಡಿಸಿದ. ಜೀಪು ಲಾರಿಯ ಹಿಂದೆ ಸಿಕ್ಕಿಕೊಂಡಿತು.

ಹನ್ನೊಂದಕ್ಕೆ ನಾಲ್ಕು ನಿಮಿಷವಿದೆ ಎನ್ನುವಾಗ ಆಸ್ಪತ್ರೆಯ ಹಜಾರಕ್ಕೆ ಓಡಿದೆ. ಹತ್ತು ಹನ್ನೆರಡು ಜನ ಕೂತಿದ್ದರು. ಅಕ್ಕ ಕೋಟು ಬಿಚ್ಚಿ ಎದ್ದು ನಿಂತಿದ್ದಳು. ಯಂತ್ರದ ಕೋಣೆಯ ಬಾಗಿಲಿಗೆ ಅಡ್ಡವಾಗಿ ಗಾಂಚೆವ್.

"ಬಾಯಿ ತೆರೆದ್ರೆ ಮೊದಲು ಜೈಲಿಗೆ ಹೋಗೋನು ನೀನೇ," ಎಂದ ಮೆಲ್ಲಗೆ.

"ಗೊತ್ತು. ಬರೆದು ಕೊಟ್ಟೇ ಬಂದಿದೀನಿ."

ಅವನ ಮುಖ ಬಿಳಿಚಿತು. ನಾನು ಜನರ ಕಡೆ ತಿರುಗಿದೆ.

"ಇಲ್ಲಿಯ ಭೌತವಿಜ್ಞಾನಿಗೆ ತರಬೇತಿ ಆಗಿಲ್ಲ! ಅವನ ತರಬೇತಿ ಪತ್ರ ಸುಳ್ಳು. ನಾನೇ ಮಾಡಿದ್ದು! ಮಷೀನು ನಿಮಗೆಲ್ಲ ಜಾಸ್ತಿ ಕಿರಣ ಹಾಕ್ತಿದೆ. ಎದ್ದು ಮನೆಗೆ ಹೋಗಿ!"

ಯಾರೂ ಅಲುಗಲಿಲ್ಲ. ಗಾಂಚೆವ್ ಗಹಗಹಿಸಿ ನಕ್ಕ.

"ಈ ಸ್ತಾಮೆನ್ ಎಂಥೋನು ಅಂತ ಊರಿಗೇ ಗೊತ್ತು! ಇವನು ಹೇಳೋದೆಲ್ಲ ಸುಳ್ಳು, ಅಮ್ಮಾ. ನೀವು ಒಳಗೆ ಬನ್ನಿ."

ಅಕ್ಕ ನನ್ನನ್ನೇ ನೋಡಿದಳು. ನಾನು ನಾಚಿಕೆ ಬಿಟ್ಟು ಅಳುತ್ತಿದ್ದೆ.

"ಅವನು ಸುಳ್ಳನೇ ಕಣ್ರೀ," ಎಂದಳು, ಒಂದೊಂದು ಮಾತನ್ನೂ ನೋವಿನಿಂದ ಕೀಳುತ್ತಾ. "ಹುಟ್ಟಿದಾಗಿಂದ ಸುಳ್ಳ. ಆದ್ರೆ ತಪ್ಪು ತನ್ನದು ಅಂತ ಮಾತ್ರ ಯಾವತ್ತೂ ಸುಳ್ಳು ಹೇಳಿಲ್ಲ."

ಕೋಟು ಹಾಕಿಕೊಂಡಳು!

ಪಕ್ಕದ ಮುದುಕ ಎದ್ದ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಎಲ್ಲರೂ. ಗಾಂಚೆವ್ ಕೂಗಾಡುತ್ತಲೇ ಇದ್ದ. ಒಳಗಿನಿಂದ ವೆಸೆಲಿನ್ ಬಂದ. ಎಲ್ಲ ಕೇಳಿಸಿಕೊಂಡಿದ್ದ.

"ಎತ್ತರ..." ಎಂದ. "ಅಯ್ಯೋ ದೇವರೇ, ನಾನು ಎತ್ತರ ಮರೆತೆ!"

ಯಂತ್ರದ ಬೀಗದ ಕೈಯನ್ನು ಕಿತ್ತು ತಂದು ನನ್ನ ಕೈಗಿಟ್ಟು, ನೆಲದ ಮೇಲೆಯೇ ಕುಸಿದ.

ಮಧ್ಯಾಹ್ನ ಇಲಾಖೆಯವರು ಬಂದರು. ಜೊತೆಗೆ ಪೊಲೀಸರೂ.

ಆದರೆ ಹದಿನಾರು ದಿನ ಒಳಹೊಕ್ಕ ಕಿರಣವನ್ನು ಹೊರಗೆ ತೆಗೆಯುವವರು ಯಾರು? ಉಳಿದ ದಿನಗಳ ಲೆಕ್ಕವನ್ನು ಪಾಸ್ಕಾಲೆವಾ ಹೊಸದಾಗಿ ಹಾಕಿ, ಪ್ಲಾವ್ಡಿವ್‌ನಲ್ಲಿ ಚಿಕಿತ್ಸೆ ಮುಗಿಸಿಕೊಟ್ಟರು. ಅಕ್ಕ ಬದುಕಿದಳು. ಅವಳ ದನಿ ಬದುಕಲಿಲ್ಲ.

ತಿಂಗಳಿಗೊಮ್ಮೆ ಜೈಲಿಗೆ ಬರುತ್ತಾಳೆ. ಗಾಜಿನ ಆ ಕಡೆ ಫೋನು ಹಿಡಿದು ಕೂರುತ್ತಾಳೆ. ನಾನು ಮಾತಾಡುತ್ತೇನೆ. ಅವಳು ಕೇಳುತ್ತಾಳೆ, ಅಷ್ಟೇ.

ನನ್ನನ್ನು ಬೈಯುವ ಹಕ್ಕಿರುವ ಒಂದೇ ಒಂದು ಬಾಯಿ... ಅದನ್ನೂ ನಾನೇ ಮುಚ್ಚಿಸಿದೆ! ಕೋರ್ಟಿನ ಶಿಕ್ಷೆಗೆ ಅಪೀಲು ಇದೆ ಎನ್ನುತ್ತಾನೆ ಲಾಯರು. ಇದಕ್ಕೆ ಎಲ್ಲಿ ಹಾಕಲಿ, ನೀವೇ ಹೇಳಿ.