ತೊಂಬತ್ತೆರಡು ಪಾಯಿಂಟ್ ನಾಲ್ಕು

"ಇಳೀಬೇಡಿ! ಒಂದ್ನಿಮಿಷ ಹಾಗೇ ನಿಂತಿರಿ!"

ಬೆನ್ನ ಹಿಂದೆ ಗಂಡಸಿನ ದನಿ ಕೇಳಿದ್ದೇ ಅವಳ ಎದೆ ಧಸಕ್ಕೆಂದಿತು.

ಕೊರಿಯರ್ ಆಫೀಸಿನ ಶಟರ್ ಇನ್ನೂ ಅರ್ಧವೇ ಮೇಲೆದ್ದಿತ್ತು. ಗಿರಾಕಿಗಳು ಬರಲು ಮುಕ್ಕಾಲು ಗಂಟೆ ಬಾಕಿ. ಪಾರ್ಸೆಲ್ ತೂಗುವ ದೊಡ್ಡ ಯಂತ್ರದ ಮೇಲೆ ಅವಳು ಬರಿಗಾಲಲ್ಲಿ ನಿಂತಿದ್ದಳು. ವಾಚು, ಓಲೆ, ತಲೆಯ ಕ್ಲಿಪ್ಪು ಎಲ್ಲವನ್ನೂ ಬಿಚ್ಚಿ ಕೌಂಟರ್ ಮೇಲಿಟ್ಟಿದ್ದಳು. ಕ್ಲಿಪ್ಪಿನ ತೂಕ ಎಷ್ಟಿದ್ದೀತು ಎಂದು ನಗಬೇಡಿ. ಆ ಸ್ಥಿತಿಯಲ್ಲಿ ನಿಂತವರಿಗೆ ಕ್ಲಿಪ್ಪೂ ಭಾರವೇ!

'ಅಯ್ಯೋ ದೇವರೇ... ಯಾರಿವನು? ನಂಬರ್ ನೋಡಿಬಿಟ್ಟನಾ?'

ತಿರುಗಿದರೆ, ಭಾರದ ಮರದ ಪೆಟ್ಟಿಗೆ ಹಿಡಿದ ಒಬ್ಬ ಯುವಕ. ಅವನ ಕಣ್ಣು ನಂಬರಿನ ಕಡೆ ಇರಲಿಲ್ಲ, ಅವಳ ಪಾದಗಳ ಕಡೆ ಇತ್ತು.

"ನೀವು ಮೂಲೇಲಿ ನಿಂತಿದ್ದೀರ. ಮೂಲೇಲಿ ಭಾರ ಇಟ್ರೆ ಈ ಯಂತ್ರ ತಪ್ಪು ತೋರಿಸುತ್ತೆ ಅಂತಲೇ ನನ್ನ ಕರೆಸಿರೋದು. ನಡುಮಧ್ಯಕ್ಕೆ ಬನ್ನಿ."

"ನಾನು... ಸುಮ್ನೆ... ಸರಿ ಇದೆಯಾ ಅಂತ ನೋಡ್ತಿದ್ದೆ..."

"ಒಳ್ಳೇದೇ ಆಯ್ತು." ಅವನು ಮುಂದೆ ಬಂದು, ಮುಖ ಗೋಡೆಯ ಕಡೆ ತಿರುಗಿಸಿ, ನಂಬರ್ ಹೊಳೆಯುವ ಪುಟ್ಟ ಗಾಜನ್ನು ಅಂಗೈಯಿಂದ ಮುಚ್ಚಿದ. "ಸರಿಯಾಗಿ ನಿಂತ್ಮೇಲೆ ಹೇಳಿ, ಕೈ ತೆಗೀತೀನಿ. ನಾನು ನೋಡಲ್ಲ. ಯಂತ್ರ ನನ್ನ ಕೆಲ್ಸ, ನಂಬರ್ ನಿಮ್ದು."

ಅವಳು ಮಧ್ಯಕ್ಕೆ ಸರಿದಳು. ಅವನು ಗೋಡೆ ನೋಡುತ್ತಲೇ ಕೈ ತೆಗೆದ.

ಮೂಲೆಯಲ್ಲಿ ತೊಂಬತ್ತೊಂದು ಪಾಯಿಂಟ್ ಎಂಟು ತೋರಿಸಿ ಆಸೆ ಹುಟ್ಟಿಸಿದ್ದ ಯಂತ್ರ, ಮಧ್ಯಕ್ಕೆ ಬಂದ ಕೂಡಲೇ ಮತ್ತೆ ಹಳೇ ರಾಗ ಹಾಡಿತು.

ತೊಂಬತ್ತೆರಡು ಪಾಯಿಂಟ್ ನಾಲ್ಕು.

ಏಳು ವಾರದಿಂದ ಅದೇ... ಅದೇ... ಅದೇ!

ಹತ್ತು ತಿಂಗಳ ಹಿಂದೆ ಅವಳು ಹೊಟ್ಟೆ ಕಿರಿದು ಮಾಡುವ ಆಪರೇಷನ್ ಮಾಡಿಸಿಕೊಂಡಿದ್ದಳು. ಆಗ ನೂರಾ ಹದಿನೆಂಟು ಕಿಲೋ. ಸುಲಭಕ್ಕೆ ತೆಗೆದುಕೊಂಡ ನಿರ್ಧಾರವಾಗಿರಲಿಲ್ಲ ಅದು. ಅಮ್ಮ ಮೂರು ದಿನ ಮಾತು ಬಿಟ್ಟಿದ್ದರು. ಸೋದರತ್ತೆಯಂತೂ "ಬಾಯಿ ಕಟ್ಟೋಕಾಗ್ದೆ ಹೊಟ್ಟೆ ಕೊಯ್ಸಿಕೊಳ್ತಾಳಂತೆ" ಎಂದು ನೆಂಟರಿಗೆಲ್ಲ ಸಾರಿದ್ದರು. 'ಇಳಿದು ತೋರಿಸ್ತೀನಿ' ಎಂದು ಹಟ ಹಿಡಿದೇ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು.

ಮೊದಮೊದಲು ಇಳಿಯಿತು ಕೂಡ. ಆಮೇಲೆ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟಿತು.

ಅವಳದು ಹನ್ನೆರಡನೇ ಬೆಡ್. ಅದೇ ದಿನ, ಅದೇ ಡಾಕ್ಟರ ಕೈಯಲ್ಲಿ ಆಪರೇಷನ್ ಆದ ಹನ್ನೊಂದನೇ ಬೆಡ್ಡಿನವಳು ಆಗಲೇ ನಲವತ್ತನಾಲ್ಕು ಕಿಲೋ ಇಳಿದಿದ್ದಳು. ವಾರಕ್ಕೊಂದು ಫೋಟೋವನ್ನು ಆಪರೇಷನ್ ಆದವರ ವಾಟ್ಸ್ಆಪ್ ಗ್ರೂಪಿಗೆ ಹಾಕುತ್ತಿದ್ದಳು. ಇವಳು ಚಪ್ಪಾಳೆಯ ಗುರುತು ಒತ್ತಿ, ಫೋನ್ ಬೋರಲು ಹಾಕಿ, ಬಚ್ಚಲಿಗೆ ಹೋಗಿ ಅಳುತ್ತಿದ್ದಳು.

'ಎಲ್ಲರಿಗೂ ಫಲಿಸಿದ್ದು ನನಗೇ ಯಾಕೆ ಕೈಕೊಡ್ತು? ಇದೂ ಸೋತ್ರೆ... ಇನ್ನೇನು ಉಳಿದಿದೆ ನನಗೆ?'

ಈ ಭಯಕ್ಕೆ ಅವಳು ಕಂಡುಕೊಂಡ ಮದ್ದು ಒಂದೇ. ಒಂದು ಹೊತ್ತಿಗೆ ತಿನ್ನುವ ನಾಲ್ಕು ಚಮಚವನ್ನು ಎರಡು ಮಾಡಿದಳು. ಎರಡನ್ನು ಒಂದು ಮಾಡಿದಳು.

ನಾಲ್ಕು ದಿನ ಬಿಟ್ಟು ಅವನು ಮತ್ತೆ ಬಂದ. ರಿಪೇರಿ ಮಾಡಿದ ಯಂತ್ರಕ್ಕೆ ತಂತಿ ಪೋಣಿಸಿ ಸೀಸದ ಸೀಲ್ ಒತ್ತಬೇಕಿತ್ತು. ಆ ಸೀಲ್ ಒಡೆಯದೆ ಒಳಗಿನದನ್ನು ಯಾರೂ ಮುಟ್ಟುವಂತಿಲ್ಲ.

ಪಕ್ಕದ ಕೌಂಟರಿನ ಬಿಲ್ಲಿಂಗ್ ಅಕ್ಕ ಕಣ್ಣು ಮಿಟುಕಿಸಿದರು. "ಬಂದ್ರು ನೋಡೇ, ನಿನ್ ತಕ್ಕಡಿ ಸಾಹೇಬ್ರು."

"ಅಕ್ಕಾ! ಸುಮ್ನಿರಿ!"

ಅವನು ಬಗ್ಗಿ ಸೀಲ್ ಒತ್ತುತ್ತಿದ್ದಾಗ, ಅವಳು ಅಮ್ಮ ಕಟ್ಟಿಕೊಟ್ಟ ಡಬ್ಬಿಯ ಮೊಟ್ಟೆಯನ್ನೂ ಮೊಸರನ್ನೂ ಕಸದ ಬುಟ್ಟಿಗೆ ಸುರಿದಳು. ಯಾರೂ ನೋಡಲಿಲ್ಲ ಎಂದುಕೊಂಡಳು. ಅವನು ನೋಡಿದ್ದ.

ಹತ್ತು ನಿಮಿಷದಲ್ಲಿ, ಪಾರ್ಸೆಲ್ಲೊಂದನ್ನು ಎತ್ತಿಕೊಂಡವಳಿಗೆ ಕಣ್ಣು ಕತ್ತಲೆ ಬಂತು. ಪಾರ್ಸೆಲ್ ಹಿಡಿಯಲೋ, ಮೇಡಂ ಅವರನ್ನು ಹಿಡಿಯಲೋ ಎಂದು ಯೋಚಿಸಲು ಅವನಿಗೆ ಪುರಸೊತ್ತೇ ಇರಲಿಲ್ಲ. ಪಾರ್ಸೆಲ್ ನೆಲಕ್ಕೆ ಬಿತ್ತು. ಪುಣ್ಯಕ್ಕೆ ಅದರಲ್ಲಿದ್ದದ್ದು ದಿಂಬು.

ಕಣ್ಣು ಬಿಟ್ಟಾಗ ಅವಳ ತಲೆ ಅಕ್ಕನ ಮಡಿಲಲ್ಲಿತ್ತು. ಅವನು ನೀರಿನ ಲೋಟ ಹಿಡಿದು ಮಂಡಿಯೂರಿ ಕೂತಿದ್ದ.

"ಯಾಕ್ ಹೀಗೆ ಮಾಡ್ಕೋತೀರಾ ಮೇಡಂ?"

ಅಪರಿಚಿತನ ಮುಂದೆ ಮನುಷ್ಯ ಕೆಲವೊಮ್ಮೆ ಮನೆಯವರಿಗೂ ಹೇಳದ್ದನ್ನು ಹೇಳಿಬಿಡುತ್ತಾನೆ. ಅವಳೂ ಹೇಳಿದಳು. ಆಪರೇಷನ್, ಹಟ, ಹನ್ನೊಂದನೇ ಬೆಡ್, ನಿಂತುಹೋದ ತೂಕ... ಎಲ್ಲ. ತೂಕದ ನಂಬರ್ ಒಂದನ್ನು ಬಿಟ್ಟು.

"ಮನೇಲಿರೋ ಯಂತ್ರ ಒಂದೊಂದ್ಸಲ ಒಂದೊಂದು ತೋರಿಸುತ್ತೆ. ಅದಕ್ಕೇ ಇಲ್ಲಿ ನೋಡ್ಕೋತಿದ್ದೆ..."

ಅವನು ಲೋಟ ಕೆಳಗಿಟ್ಟ. "ಅದನ್ನ ನನಗೆ ಕೊಡಿ," ಎಂದ. "ಸರಿ ಮಾಡಿ ಕೊಡ್ತೀನಿ."

ಎರಡೇ ದಿನದಲ್ಲಿ ಯಂತ್ರ ಸರಿಯಾಗಿ ಮನೆಗೆ ಬಂತು. ಮರುದಿನ ಬೆಳಿಗ್ಗೆ ಅದರ ಮೇಲೆ ನಿಂತವಳು ಕಿರುಚಿದ್ದಕ್ಕೆ ಅಮ್ಮ ಅಡುಗೆಮನೆಯಿಂದ ಓಡಿಬಂದರು.

"ಏನಾಯ್ತೇ ಪುಟ್ಟೀ?!"

"ಎಂಬತ್ತೊಂಬತ್ತು ಪಾಯಿಂಟ್ ಆರು! ಅಮ್ಮಾ, ತೊಂಬತ್ತು ದಾಟಿ ಕೆಳಗೆ ಬಂದೆ!"

ಆಫೀಸಿನ ಯಂತ್ರವೇ ಮೊದಲಿನಿಂದ ತಪ್ಪು ತೋರಿಸುತ್ತಿದ್ದಿರಬೇಕು ಎಂದು ಅವಳಿಗೆ ಅವಳೇ ಸಮಾಧಾನ ಹೇಳಿಕೊಂಡಳು. ಇನ್ನೊಮ್ಮೆ ಅದರ ಮೇಲೆ ನಿಂತು ನೋಡಬಹುದಿತ್ತು. ನಿಲ್ಲಲಿಲ್ಲ. ಸಿಕ್ಕ ಸಂತೋಷವನ್ನು ಯಾರು ತಾನೇ ಪರೀಕ್ಷೆಗೆ ಹಚ್ಚುತ್ತಾರೆ?

ಅಂದು ಅವಳು ಡಬ್ಬಿಯ ಮೊಟ್ಟೆ ಪೂರ್ತಿ ತಿಂದಳು. ಅವನಿಗೆ ಫೋನ್ ಮಾಡಿ "ಇಳಿದಿದೆ!" ಎಂದಳು, ಅಷ್ಟೇ. ಎಷ್ಟು ಎಂದು ಅವನೂ ಕೇಳಲಿಲ್ಲ. "ಊಟ ಆಯ್ತಾ?" ಎಂದಷ್ಟೇ ಕೇಳಿದ.

ಮರುದಿನ ಸಂಜೆ ಅವನು ಕೌಂಟರಿನ ಮುಂದೆ ನಿಂತಿದ್ದ, ಕೈಯಲ್ಲಿ ಯಾವ ಪೆಟ್ಟಿಗೆಯೂ ಇಲ್ಲದೆ.

"ಎದುರುಗಡೆ ಟೀ ಅಂಗಡಿ ಇದೆ... ಒಂದು ಟೀ... ಬರ್ತೀರಾ?"

ಆಪರೇಷನ್ ಆದ ಮೇಲೆ ಅವಳು ಗುಟುಕು ಗುಟುಕಾಗಿಯೇ ಕುಡಿಯಬೇಕು. ಅರ್ಧ ಲೋಟಕ್ಕೆ ಇಪ್ಪತ್ತು ನಿಮಿಷ. ಜೊತೆಗೆ ಕೂತವರು ಚಡಪಡಿಸುತ್ತಾರೆಂದು ಅವಳು ಎಲ್ಲಿಗೂ ಹೋಗುವುದನ್ನೇ ಬಿಟ್ಟಿದ್ದಳು. ಫೋಟೋದಲ್ಲಿ, ಲಿಫ್ಟಿನಲ್ಲಿ, ಮದುವೆಮನೆಯಲ್ಲಿ, ಎಲ್ಲೇ ಆಗಲಿ ಮೂಲೆ ಹುಡುಕಿ ನಿಲ್ಲುವವಳು ಅವಳು. ಅಲ್ಲಿಯೂ ಮೂಲೆಯ ಬೆಂಚೇ ಹಿಡಿದಳು.

"ನಿಮ್ಮ ಟೀ ಆರ್ತಾ ಇದೆ," ಎಂದಳು.

"ನಿಮ್ದೂ ಆರ್ತಾ ಇದೆಯಲ್ಲ. ಎರಡೂ ಒಟ್ಟಿಗೇ ಆರ್ಲಿ ಬಿಡಿ."

ಅವಳ ಮನಸ್ಸು ಜಾರಿದ್ದು ಅಲ್ಲೇ, ಆ ಆರಿದ ಟೀಯ ಮುಂದೆಯೇ.

ಮೂರು ವಾರ, ಎಂಟು ಟೀ. ಹೌದು, ಅವಳು ಎಣಿಸಿದ್ದಳು! ಮನೆಯ ಯಂತ್ರ ಇನ್ನೂ ಸ್ವಲ್ಪ ಇಳಿದು ಎಂಬತ್ತೆಂಟು ಪಾಯಿಂಟ್ ಒಂಬತ್ತು ತೋರಿಸಿದ ಬೆಳಿಗ್ಗೆಯೇ ಆಸ್ಪತ್ರೆಯ ತಪಾಸಣೆ ಇತ್ತು. ನಗುನಗುತ್ತಾ ಹೋಗಿ ಯಂತ್ರದ ಮೇಲೆ ನಿಂತಳು.

"ತೊಂಬತ್ತೊಂದು ಪಾಯಿಂಟ್ ಏಳು," ಎಂದು ನರ್ಸ್ ಬರೆದುಕೊಂಡರು.

"ಇಲ್ಲ ಸಿಸ್ಟರ್... ಇನ್ನೊಂದ್ಸಲ ನೋಡಿ... ತಪ್ಪಿರಬೇಕು..."

ಇನ್ನೊಂದು ಸಲವೂ ಅದೇ. ಪಕ್ಕದ ಕೋಣೆಯ ಯಂತ್ರದಲ್ಲೂ ಅದೇ.

ಡಯಟಿಷಿಯನ್ ಮೇಡಂ ಕಡತ ನೋಡಿ ಮುಗುಳ್ನಕ್ಕರು. "ಗಾಬರಿ ಯಾಕೆ? ಅಲ್ಲಾಡದೇ ಇದ್ದಿದ್ದು ಈಗ ಅಲ್ಲಾಡಿದೆ, ಏಳುನೂರು ಗ್ರಾಂ. ಸರಿಯಾಗಿ ತಿನ್ನೋಕೆ ಶುರು ಮಾಡಿದ್ದೀರ ಅಲ್ವಾ? ರಕ್ತದ ರಿಪೋರ್ಟೂ ಚೆನ್ನಾಗಿದೆ. ಒಬ್ಬೊಬ್ಬರ ಮೈ ಒಂದೊಂದು ಥರ. ನಿಮ್ದು ನಿಧಾನ. ನಿಧಾನ ಅಂದ್ರೆ ಸೋತ ಹಾಗಲ್ಲ."

ಒಂದು ಮಾತೂ ಅವಳ ಕಿವಿಗೆ ಬೀಳಲಿಲ್ಲ. ತಲೆಯೊಳಗೆ ಒಂದೇ ಪ್ರಶ್ನೆ ಗಿರ್ರನೆ ಸುತ್ತುತ್ತಿತ್ತು.

'ಹಾಗಾದ್ರೆ ಮನೇದು...?'

ಮನೆಗೆ ಬಂದು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ನೇರ ಅವನ ರಿಪೇರಿ ಅಂಗಡಿಗೆ ನಡೆದಳು. ಗೋಡೆಯುದ್ದಕ್ಕೂ ಚೀಟಿ ಕಟ್ಟಿದ ತಕ್ಕಡಿಗಳು, ಮಧ್ಯೆ ಮೇಜು, ಮೇಜಿನ ಹಿಂದೆ ಅವನು. ಅವಳನ್ನು ಕಂಡು ಅರಳಿದ ಅವನ ಮುಖ, ಚೀಲದಿಂದ ಹೊರಬಂದ ಯಂತ್ರ ಕಂಡು ಸಪ್ಪಗಾಯಿತು.

"ಇಪ್ಪತ್ತು ಕಿಲೋ ತೂಕದ ಬಟ್ಟು ಇದೆಯಲ್ಲ ನಿಮ್ಮತ್ರ? ಇದರ ಮೇಲಿಡಿ."

"ಮೇಡಂ... ನಾನೇ ಹೇಳ್ಬೇಕು ಅಂತಿದ್ದೆ..."

"ಇಡಿ!"

ಅವನು ಕಬ್ಬಿಣದ ಬಟ್ಟನ್ನು ಎತ್ತಿ ಇಟ್ಟ. ಹತ್ತೊಂಬತ್ತು ಪಾಯಿಂಟ್ ನಾಲ್ಕು.

ಇಪ್ಪತ್ತಕ್ಕೆ ಆರುನೂರು ಗ್ರಾಂ ಕಮ್ಮಿಯಾದರೆ ತೊಂಬತ್ತಕ್ಕೆ ಹತ್ತಿರ ಹತ್ತಿರ ಮೂರು ಕಿಲೋ ಎಂದು ದಿನವಿಡೀ ಊರವರ ಪಾರ್ಸೆಲ್ ತೂಗುವವಳಿಗೆ ಬಿಡಿಸಿ ಹೇಳಬೇಕೇ?

"ಬೇಕಂತಲೇ ಮಾಡಿದ್ರಿ..."

"ಹೌದು." ಅವನು ತಲೆ ತಗ್ಗಿಸಿದ. "ಹನ್ನೆರಡು ವರ್ಷದಿಂದ ಈ ಕೆಲ್ಸ ಮಾಡ್ತಿದ್ದೀನಿ. ಯಂತ್ರದ ಬಾಯಲ್ಲಿ ಸುಳ್ಳು ಹೇಳಿಸಿದ್ದು ಇದೊಂದೇ ಸಲ. ನೀವು ಡಬ್ಬಿ ಸುರಿಯೋದನ್ನ ನೋಡಿದೆ, ಬೀಳೋದನ್ನ ನೋಡಿದೆ. ನಂಬರ್ ಇಳಿದ್ರೆ ಊಟ ಮಾಡ್ತೀರೇನೋ ಅಂತ... ಬೇರೇನೂ ತೋಚಲಿಲ್ಲ ನನಗೆ."

"ಸುಳ್ಳು! ಇಳಿದಿದೆ ಅಂತ ಹೇಳಿದ ಮರುದಿನವೇ ಅಲ್ವಾ ಟೀಗೆ ಕರೆದಿದ್ದು? ಅಲ್ಲಿವರೆಗೂ ಯಾಕೆ ಕರೀಲಿಲ್ಲ? ದಪ್ಪಗಿರೋಳ ಜೊತೆ ಕೂತ್ಕೊಳ್ಳೋಕೆ ನಾಚ್ಕೆ ಆಗ್ತಿತ್ತಾ? ಇಳಿದವಳು ಮಾತ್ರ ಬೇಕಿತ್ತಾ ನಿಮಗೆ?!"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅವಳ ನಿಜವಾದ ಭಯ ಇದೇ ಆಗಿತ್ತು.

ಅವನು ಮೆಲ್ಲಗೆ ತಲೆಯೆತ್ತಿದ.

"ಇಳಿದಿದೆ ಅಂತ ನಂಬಿದ್ದು ನೀವು ಮೇಡಂ. ನಾನಲ್ಲ."

"ಅಂದ್ರೆ?"

"ಆ ಯಂತ್ರ ಕೆಡಿಸಿದವನೇ ನಾನು. ನೀವು ಒಂದು ಗ್ರಾಂ ಕೂಡ ಇಳಿದಿಲ್ಲ ಅಂತ ಈ ಊರಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಿಮ್ಮ ತೂಕ ಎಷ್ಟು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇಳಿದಿಲ್ಲ ಅನ್ನೋದು ಗೊತ್ತಿತ್ತು. ಗೊತ್ತಿದ್ದೇ ಕರೆದೆ. ಇಷ್ಟ ಆಗಿದ್ರಿ, ಅದಕ್ಕೇ ಕರೆದೆ."

ಅವಳ ಸಿಟ್ಟು ಅಲ್ಲೇ ಇತ್ತು, ಆದರೆ ಅದಕ್ಕೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ.

"ಕನಿಕರಕ್ಕೆ ಅಲ್ವಾ?" ಎಂದಳು ಕೊನೆಯ ಅಸ್ತ್ರವೆಂಬಂತೆ.

"ಕನಿಕರಕ್ಕೆ ಯಾರಾದ್ರೂ ಎಂಟು ಆರಿದ ಟೀ ಕುಡೀತಾರಾ?"

ಅಯ್ಯೋ... ಇವನೂ ಎಣಿಸಿದ್ದಾನೆ!

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕಣ್ಣೊರೆಸಿಕೊಂಡು ಖಡಕ್ಕಾಗಿ ಹೇಳಿದಳು. "ಇದು ಕ್ಷಮೆ ಅಲ್ಲ. ಇವತ್ತು ಆಸ್ಪತ್ರೆಯಲ್ಲಿ ನನ್ನ ಕಾಲ ಕೆಳಗಿನ ನೆಲವೇ ಕುಸಿದ ಹಾಗಾಯ್ತು. ನನಗೆ ಭಯ ಇದೆ, ನಾಳೇನೂ ಇರುತ್ತೆ. ಸುಳ್ಳು ಹೇಳಿ ಅದನ್ನ ತೆಗೆಯೋಕೆ ಬರ್ಬೇಡಿ. ಬೇಕಿದ್ರೆ ಜೊತೆಗೆ ನಿಂತ್ಕೊಳ್ಳಿ."

"ನಿಂತ್ಕೋತೀನಿ."

"ಮೊದ್ಲು ಇದನ್ನ ಸರಿ ಮಾಡಿ. ನನ್ನ ಕಣ್ಣೆದುರಿಗೆ."

ಅವನು ಯಂತ್ರ ಬಿಚ್ಚಿದ. ಬಟ್ಟು ಇಟ್ಟ, ತೆಗೆದ, ಮತ್ತೆ ಇಟ್ಟ. ಇಪ್ಪತ್ತಕ್ಕೆ ಇಪ್ಪತ್ತು ಬಂದ ಮೇಲೆ, ಮನೆಯ ಯಂತ್ರಕ್ಕೆ ಯಾರೂ ಹಾಕದ ಸೀಸದ ಸೀಲನ್ನು ತಂತಿ ಪೋಣಿಸಿ ಒತ್ತಿದ.

"ಇನ್ಮೇಲೆ ನಾನೂ ಮುಟ್ಟೋ ಹಾಗಿಲ್ಲ."

ಅವಳು ಚಪ್ಪಲಿ ಬಿಟ್ಟು ಹತ್ತಿದಳು. ವಾಚು ಬಿಚ್ಚಲಿಲ್ಲ, ಓಲೆ ಬಿಚ್ಚಲಿಲ್ಲ, ಕ್ಲಿಪ್ಪೂ ತೆಗೆಯಲಿಲ್ಲ. ನಡುಮಧ್ಯೆ ನಿಂತಳು. ಅವನು ಮೊದಲ ದಿನದಂತೆಯೇ ಮುಖ ತಿರುಗಿಸಿ, ಬಗ್ಗಿ ಗಾಜಿಗೆ ಅಂಗೈ ಅಡ್ಡ ಹಿಡಿದ.

ಅವಳೂ ಬಗ್ಗಿ ಅವನ ಕೈಯನ್ನು ಮೆಲ್ಲಗೆ ಸರಿಸಿದಳು. ಆ ಕೈ ಬಿಡಲಿಲ್ಲ.

"ನೋಡಿ," ಎಂದಳು. "ನೀವೇ ಓದಿ."

ಅಮ್ಮನಿಗೂ ಹೆದರಿ ಹೆದರಿ ಹೇಳುತ್ತಿದ್ದ ನಂಬರ್ ಅದು. ಇದಕ್ಕಿಂತ ದೊಡ್ಡ ಮಾತು ಅವಳ ಬಳಿ ಇರಲಿಲ್ಲ, ಅವನಿಗೂ ಅದು ಅರ್ಥವಾಯಿತು.

"ತೊಂಬತ್ತೊಂದು... ಪಾಯಿಂಟ್ ಒಂಬತ್ತು." ಅವನು ಬಗ್ಗಿ ಓದಿದ.

"ಕ್ಲಿಪ್ಪು ಸೇರಿ," ಎಂದಳು ಅವಳು ಥಟ್ಟನೆ.

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳ ದನಿಗೆ ಹಳೆಯ ನಡುಕ ಮರಳಿತು. "ಮುಂದಿನ ತಿಂಗಳೂ ಇಲ್ಲೇ ನಿಂತುಬಿಟ್ರೆ?"

"ನಂಬರ್ ನಿಂತ್ರೆ ನಿಲ್ಲಲಿ. ನೀವು ಮಾತ್ರ ಇನ್ನು ಮೂಲೇಲಿ ನಿಲ್ಬೇಡಿ."

"ಮತ್ತೆಲ್ಲಿ ನಿಲ್ಲಲಿ?"

ಅವನು ಎದ್ದು ನಿಂತು ತನ್ನ ಪಕ್ಕದ ಜಾಗ ತೋರಿಸಿದ.

"ಇಲ್ಲಿ."

ಅವಳು ಯಂತ್ರದಿಂದ ಇಳಿದು ಅಲ್ಲಿಗೆ ಬಂದು ನಿಂತಳು.