ಸಂಜೆ 6.21ರ ಫೋಟೊ

2024ರ ಫೆಬ್ರವರಿ 13, ಮಂಗಳವಾರ ಬೆಳಿಗ್ಗೆ 8.10ಕ್ಕೆ ಚಳ್ಳಕೆರೆಯ ಠಾಣೆಗೆ ಇಬ್ಬರು ಬಂದರು. ಮುಂದೆ, ವರವು ಕಾವಲ್ ಎಂಬ ಹುಲ್ಲುಗಾವಲಿನ ಅಂಚಿನ ಕಾವಲಮ್ಮನ ಗುಡಿಯ ಸಮಿತಿ ಅಧ್ಯಕ್ಷ ಕೊಟ್ಟೂರಪ್ಪ. ಹಿಂದೆ, ಮುದುಕ ಪೂಜಾರಿ ದೊಡ್ಡಪಾಲಯ್ಯ. ಅಮ್ಮನ ಬೆಳ್ಳಿ ಮುಖ ಹಿಂದಿನ ಸಂಜೆ ಕಳುವಾಗಿತ್ತು.

“ಮೂಗು ಸವೆದಿತ್ತು ಮೇಡಂ. ಶುಕ್ರವಾರ ಕರಗಿಸಿ ಹೊಸಾದು ಮಾಡಿಸೋರಿದ್ವಿ,” ಎಂದ ಕೊಟ್ಟೂರಪ್ಪ ಪೂಜಾರಿಯ ಕಡೆ ತಿರುಗಿ, “ಬೀಗ ಚೆನ್ನಾಗಿ ಕಾದೆ ಬಿಡಪ್ಪ,” ಎಂದರು.



ಎಸ್‌ಐ ದಾಕ್ಷಾಯಿಣಿ ಎಫ್‌ಐಆರ್ ದಾಖಲಿಸಿ, ಗುಡಿಗೆ ಹೋಗಿ ಪಂಚನಾಮೆ ಮಾಡಿದರು. ಬೀಗವನ್ನು ಕಲ್ಲಿನಿಂದ ಒಡೆಯಲಾಗಿತ್ತು. ಆ ಸಂಜೆ ಬಯಲಲ್ಲಿ ಯಾರಿದ್ದರೆಂದು ವಿಚಾರಿಸಿದಾಗ ಕುರಿ ಕಾಯುವವರು ಹೇಳಿದ್ದು ಒಂದೇ ಹೆಸರು. ಫೋಟೊ ಸ್ಟುಡಿಯೊದ ಸ್ವಪ್ನ, ಮದುವೆ ಗೊತ್ತಾದ ಜೋಡಿಯೊಂದನ್ನು ಕರೆತಂದಿದ್ದಳು.

ಮಧ್ಯಾಹ್ನ 2.30. ಸ್ಟುಡಿಯೊದ ಪರದೆಯ ಮೇಲೆ ಕೆಂಪು ಆಕಾಶ, ಅದರೆದುರು ಕಪ್ಪಾಗಿ ನಿಂತ ಜೋಡಿ. ದೂರದ ದಿಣ್ಣೆಯ ಮೇಲೆ ಒಂಟಿಯಾಗಿ ನಡೆಯುತ್ತಿದ್ದ ಇನ್ನೊಂದು ಆಕಾರ. ಫೋಟೊದ ಸಮಯ 6.21.

“ಮುಖ ಯಾಕೆ ಕಾಣಲ್ಲ?” ದಾಕ್ಷಾಯಿಣಿ ಕೇಳಿದರು.

“ಸೂರ್ಯ ಅವರ ಬೆನ್ನಿಗಿದ್ದ ಮೇಡಂ. ಎಕ್ಸ್‌ಪೋಷರ್, ಅಂದ್ರೆ ಬೆಳಕಿನ ಅಳತೆ, ಆಕಾಶಕ್ಕೆ ಇಟ್ಟೆ, ಫ್ಲ್ಯಾಶ್ ಹಾಕಲಿಲ್ಲ. ಎದುರಿಗಿದ್ದೋರೆಲ್ಲ ಕಪ್ಪಾಗ್ತಾರೆ.”

“ತಿಳಿ ಮಾಡಕ್ಕೆ ಬರಲ್ವಾ?”

ಸ್ವಪ್ನ ಬೆಳಕು ಏರಿಸಿದಳು. ಕಪ್ಪು ಬೂದು ಬಣ್ಣವಾಯಿತೇ ಹೊರತು ಕಣ್ಣು ಮೂಗು ಮೂಡಲಿಲ್ಲ. “ಒಳಗೇನೂ ಉಳಿದಿಲ್ಲ. ಅಂಚು ಮಾತ್ರ ಚೊಕ್ಕ ಬಂದೈತೆ,” ಎಂದು ಆ ಆಕಾರವನ್ನೇ ದೊಡ್ಡದು ಮಾಡಿದಳು.

ತಲೆಯ ಮೇಲೆ ಗಂಟು, ಅದನ್ನು ಹಿಡಿದ ಎಡಗೈ. ಬಲಗೈಯಲ್ಲಿ ಜೋತಾಡುವ ಒಂದು ಜೊತೆ ಚಪ್ಪಲಿ.

“ಮುಳ್ಳಿನ ಬಯಲಾಗೆ ಓಡಿಹೋಗೋ ಕಳ್ಳ ಚಪ್ಪಲಿ ಕೈಯಾಗೆ ಹಿಡೀತಾನಾ?” ಎಂದರು ದಾಕ್ಷಾಯಿಣಿ.

ಜೊತೆಗಿದ್ದ ಕಾನ್‌ಸ್ಟೆಬಲ್ ಕ್ಯಾತಣ್ಣ ಆ ಗುಡಿಯ ಊರಿನವನೇ. “ಅಮ್ಮನ್ನ ಹೊತ್ತಾಗ ಮೆಟ್ಟು ಹಾಕಂಗಿಲ್ಲ ಮೇಡಂ. ಹೊರೋ ಹಕ್ಕು ನಮ್ಮೂರಾಗೆ ಒಬ್ರಿಗೇ ಇರೋದು.” ಹೆಸರು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವನ ಮಗಳಿಗೆ ಹೆಸರಿಟ್ಟಿದ್ದೂ ಆ ಮುದುಕ ಪೂಜಾರಿಯೇ.

ಮರುದಿನ ಬೆಳಿಗ್ಗೆ 7.40ಕ್ಕೆ ಇಬ್ಬರೂ ಪೂಜಾರಿಯ ಮನೆಗೆ ಹೋದರು.

“ಅಜ್ಜಾ, ಅಂಗಾಲು ತೋರಿಸು,” ಎಂದರು ದಾಕ್ಷಾಯಿಣಿ.

ಅಂಗಾಲ ತುಂಬ ಮುಳ್ಳು ಚುಚ್ಚಿದ ಹಸಿ ಗಾಯಗಳು. ದೊಡ್ಡಪಾಲಯ್ಯ ತಾನೇ ಎದ್ದು ರಾಗಿ ತುಂಬಿದ ಮಣ್ಣಿನ ವಾಡೆಯಿಂದ ಗಂಟು ತೆಗೆದ. ಬಿಚ್ಚಿದ. ಬೆಳ್ಳಿ ಮುಖ ಇನ್ನೂ ಒದ್ದೆಯಾಗಿತ್ತು. ಹಣೆಯಲ್ಲಿ ಆ ಬೆಳಗಿನ ಕುಂಕುಮ.

“ಮೂಗು ಸವೆದೈತೆ ಅಂತ ಕರಗಿಸ್ತೀನಿ ಅಂದ್ರು ತಾಯಿ. ಸವೆಸಿದ್ದು ನನ್ನ ಕೈ. ನಲವತ್ತು ವರ್ಷ ತೊಳ್ದೀನಿ. ಬೆಂಕಿಗೆ ಹೆಂಗೆ ಕೊಡ್ಲಿ?”

ಪಂಚರ ಮುಂದೆ ಮುಖವನ್ನು ಜಪ್ತಿ ಮಾಡಿ, ಬಂಧನದ ಕಾಗದ ಬರೆದರು. ಹೆಬ್ಬೆಟ್ಟು ಒತ್ತುವ ಮುನ್ನ ಮುದುಕ ಕೇಳಿದ: “ಅಮ್ಮನ್ನ ಈಗ ಸಮಿತಿಗೆ ಕೊಡ್ತೀರಾ?”

“ಕೋರ್ಟು ಹೇಳೋವರೆಗೂ ಇಲ್ಲ.”

“ಅಲ್ಲಿತಂಕ ಕರಗಿಸಂಗಿಲ್ಲ?”

“ಯಾರೂ ಮುಟ್ಟಂಗಿಲ್ಲ.”

“ಎಷ್ಟು ವರ್ಷ ಆಗ್ತೈತೆ?”

“ಏಳೋ ಎಂಟೋ.”

ದೊಡ್ಡಪಾಲಯ್ಯ ಕಣ್ಣು ಮುಚ್ಚಿ ಕೈ ಮುಗಿದು, ಆಮೇಲೆ ಹೆಬ್ಬೆಟ್ಟು ಒತ್ತಿದ.

ಜಪ್ತಿ ಮಾಲನ್ನು ಜೀಪಿಗೆ ಒಯ್ಯಲು ಹೇಳಿದಾಗ ಕ್ಯಾತಣ್ಣ ಮೊದಲು ಕೂತು ಬೂಟಿನ ದಾರ ಬಿಚ್ಚಿದ. ದಾಕ್ಷಾಯಿಣಿ ಕಾದರು.