ಟಿಂಗ್ ಅಂದಿದ್ದು ಅಪ್ಪನ ಫೋನು

“ಒಂದೇ ಒಂದು ಸ್ಟಾರ್,” ಎಂದಳು ಹುಡುಗಿ, ತಟ್ಟೆಯನ್ನು ಮುಂದಕ್ಕೆ ತಳ್ಳಿ. “ತರಕಾರಿ ಸಪ್ಪೆ, ಅನ್ನ ಮೆತ್ತಗೆ. ಅದೂ ಲೇಟು.”

ಅಜ್ಜಿ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಬೊಚ್ಚು ಬಾಯಲ್ಲಿ ನಕ್ಕಳು. ಒಂದಾದರೂ ಬಂತಲ್ಲ, ನಿಮ್ಮ ತಾತ ಇದ್ದಿದ್ದರೆ ಅದೂ ಬರುತ್ತಿರಲಿಲ್ಲ ಎಂದಳು. ಇವಳು ಅಡುಗೆ ಕಲಿತದ್ದು ನೂಲಿನ ಮಿಲ್ಲಿನ ಯಂತ್ರದಿಂದ ಎಂದು ತಾತ ಕಂಡಕಂಡವರಿಗೆಲ್ಲ ಹೇಳುತ್ತಿದ್ದರಂತೆ.

ಸ್ಟಾರ್ ಕೊಡುವುದು ಆ ಮನೆಯ ಹೊಸ ಆಟ. ಶುರು ಮಾಡಿದ್ದು ಹುಡುಗಿಯೇ. ಅವಳ ಅಪ್ಪ ಬೈಕಿನಲ್ಲಿ ಮನೆಮನೆಗೆ ಊಟದ ಪಾರ್ಸೆಲ್ ತಲುಪಿಸುತ್ತಿದ್ದ. ಪಾರ್ಸೆಲ್ ತೆಗೆದುಕೊಂಡವರು ಫೋನಿನಲ್ಲಿ ಸ್ಟಾರ್ ಒತ್ತುತ್ತಿದ್ದರು. ತುಂಬ ಚೆನ್ನಾಗಿದ್ದರೆ ಐದು, ಕೋಪ ಬಂದರೆ ಒಂದು. ಐದು ಐದು ಬಂದೂ ಬಂದೂ, ಆ್ಯಪಿನಲ್ಲಿ ಅಪ್ಪನ ಫೋಟೋದ ಪಕ್ಕ ಒಂದು ಬಂಗಾರದ ಬಣ್ಣದ ಸ್ಟಾರ್ ಮೂಡಿತ್ತು. ಅದು ಇದ್ದವರಿಗೆ ಆರ್ಡರ್ ಮೊದಲು ಬರುತ್ತದೆ.

ಹುಡುಗಿ ಇದನ್ನು ಕ್ಲಾಸಿನಲ್ಲೆಲ್ಲ ಸಾರಿದ್ದಳು. ನಮ್ಮಪ್ಪ ಸ್ಟಾರ್ ಎಂದಷ್ಟೇ ಹೇಳಿದ್ದರಿಂದ ಅರ್ಧ ಕ್ಲಾಸು ಅವನು ಸಿನಿಮಾದಲ್ಲಿದ್ದಾನೆ ಎಂದುಕೊಂಡಿತ್ತು. ಅವಳೂ ಬಿಡಿಸಿ ಹೇಳುವ ಗೋಜಿಗೆ ಹೋಗಿರಲಿಲ್ಲ.

ಮಾತಿಗೆ ಮಾತು ಜೋಡಿಸುತ್ತಾಳೆಂದು ಮನೆಯವರೆಲ್ಲ ಅವಳನ್ನು ವಕೀಲಮ್ಮ ಎಂದೇ ಕರೆಯುತ್ತಿದ್ದರು. ತನ್ನ ತಲೆಯ ಮೇಲೆ ಅವಳಿಗೆ ಭಾರಿ ಗೌರವವಿತ್ತು. ಆ ಗೌರವ ಶನಿವಾರ ಸಂಜೆಯವರೆಗೂ ಚೆನ್ನಾಗಿಯೇ ಇತ್ತು.

ಅವಳು ಅಜ್ಜಿಯ ಊಟಕ್ಕೆ ಒಂದು ಸ್ಟಾರ್ ಕೊಟ್ಟ ಹೊತ್ತಿಗೇ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಉದ್ದ ಮಾಮ ಒಳಗೆ ಬಂದ. ಅವನೂ ಅಪ್ಪನ ಹಾಗೆಯೇ ಪಾರ್ಸೆಲ್ ಕೊಡುವವನು. ಎಷ್ಟು ಉದ್ದ ಎಂದರೆ ಬೈಕಿನಲ್ಲಿ ಕೂತಾಗ ಮಂಡಿಗಳು ಹ್ಯಾಂಡಲ್ ಮುಟ್ಟುತ್ತಿದ್ದವು. ಈಗ ಅವನ ಬಲಗೈ ಬ್ಯಾಂಡೇಜಿನಲ್ಲಿ ಕುತ್ತಿಗೆಯಿಂದ ನೇತಾಡುತ್ತಿತ್ತು. ಹೋದ ವಾರ ತಿರುವಿನಲ್ಲಿ ನಾಯಿ ಅಡ್ಡ ಬಂದು ಬಿದ್ದಿದ್ದ. ಮೂಳೆ ಬಿರುಕು ಬಿಟ್ಟಿದೆ ಎಂದು ಗೊತ್ತಿಲ್ಲದೆ ಅದೇ ಕೈಯಲ್ಲಿ ಪಾರ್ಸೆಲ್ ತಲುಪಿಸಿಯೂ ಬಂದಿದ್ದ. ಬಾಗಿಲು ತೆಗೆದವರು ಗಡಿಯಾರ ನೋಡಿದರು, ಕೈ ನೋಡಲಿಲ್ಲ. ಒಂದು ಸ್ಟಾರ್ ಒತ್ತಿದರು. ಮೊದಲೇ ಒಂದೆರಡು ಸಲ ಲೇಟಾಗಿದ್ದವನು ಅವನು. ಮಾರನೆಯ ದಿನ ಆ್ಯಪು ಅವನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡಿತು.

“ಕಂಪನಿಗೆ ಫೋನ್ ಮಾಡ್ದೆ ಅಣ್ಣ,” ಎಂದ ಉದ್ದ ಮಾಮ, ಆಗಷ್ಟೇ ಕೆಲಸದಿಂದ ಬಂದಿದ್ದ ಅಪ್ಪನಿಗೆ. “ನಿಮ್ಮ ತಾಳ್ಮೆಗೆ ಧನ್ಯವಾದ ಅಂತು ಮೆಷಿನ್ನು. ಕೈ ಮುರಿದಿದೆ ಅಂದೆ. ಅದಕ್ಕೂ ಧನ್ಯವಾದ ಅಂತು.”

ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ನಗು ನಿಂತುಹೋಯಿತು. ಕೈ ವಾಸಿಯಾದ ಮೇಲೆ ಕೆಲಸಕ್ಕೆ ಎಲ್ಲಿಗೆ ಹೋಗಲಿ ಎಂದು ನೆಲ ನೋಡುತ್ತಾ ಕೇಳಿದ.

ಅವನು ಬಂದದ್ದು ಒಂದು ವಿಷಯ ಹೇಳಲು. ತಮ್ಮ ಜೊತೆಯೇ ಬೈಕ್ ಓಡಿಸುವ ಕೆಂಪು ಹೆಲ್ಮೆಟ್ಟಿನ ಅಕ್ಕ ಪಾರ್ಸೆಲ್‌ನವರನ್ನೆಲ್ಲ ಸೇರಿಸಿ ಸಂಘ ಕಟ್ಟುತ್ತಿದ್ದಾಳೆ. ಶನಿವಾರ ಸಂಜೆ ಎಲ್ಲರಿಗೂ ಹಸಿವಾಗುವ ಹೊತ್ತಿಗೆ ಸರಿಯಾಗಿ ಇಡೀ ಏರಿಯಾದವರು ಒಂದು ಗಂಟೆ ಆ್ಯಪ್ ಆಫ್ ಮಾಡಬೇಕು. ಆಗಲಾದರೂ ಕಂಪನಿಯಿಂದ ಒಬ್ಬ ಮನುಷ್ಯ ಫೋನ್ ಎತ್ತಬಹುದು. ಎತ್ತಿದರೆ ಕೇಳುವುದು ಒಂದೇ, ಬಿದ್ದವನನ್ನು ಯಾಕೆ ಹೊರಗೆ ಹಾಕಿದಿರಿ ಅಂತ.

ಅಪ್ಪ ತಲೆ ಕೆರೆದುಕೊಂಡ.

“ಸಂಘ ಅಂದ್ರೆ ಯಾರದಾದ್ರೂ ಬಾಗಿಲ ಮುಂದೆ ನಿಂತು ಕೂಗ್ಬೇಕಪ್ಪ. ನನ್ನ ಯಜಮಾನ ಇರೋದು ನನ್ನ ಜೇಬಲ್ಲಿ. ಜೇಬಿಗೆ ಬಾಯಿ ಹಾಕಿ ಕೂಗಿದ್ರೆ ಜನ ನನ್ನನ್ನ ಎಲ್ಲಿಗೆ ಸೇರಿಸ್ತಾರೆ ಹೇಳು.”

ಆಮೇಲೆ ತಮಾಷೆ ಬಿಟ್ಟು ಮಾತಾಡಿದ. ರಶ್ ಹೊತ್ತಿನಲ್ಲಿ ಆಫ್ ಮಾಡಿ ಕೂತರೆ ತನ್ನ ಸ್ಟಾರ್ ಹೋಗುತ್ತದೆ, ಆರ್ಡರ್ ಕಮ್ಮಿಯಾಗುತ್ತದೆ. ಕಂಪನಿ ನಮ್ಮನ್ನೆಲ್ಲ ಬಿಟ್ಟು ನಾಳೆಯೇ ಬೇರೆಯವರನ್ನು ತಂದರೆ ಸಂಘ ಮನೆಗೆ ಅಕ್ಕಿ ತಂದು ಹಾಕುತ್ತದೆಯೇ ಎಂದು ಕೇಳಿದ. ಗೊತ್ತಿಲ್ಲ ಅಣ್ಣ ಎಂದ ಉದ್ದ ಮಾಮ. ಪಾಪ, ಅವನು ಸುಳ್ಳು ಹೇಳುವ ಗಿರಾಕಿ ಅಲ್ಲ.

ಅಜ್ಜಿ ಮಂಡಿ ನೀವುತ್ತಲೇ ಬಾಯಿ ಹಾಕಿದಳು. “ನಾನೂ ಮಿಲ್ಲಿನ ಸಂಘದಲ್ಲಿದ್ದವಳೇ. ನಮ್ಮ ಲೀಡರ್ ಭಾಷಣ ಶುರು ಮಾಡಿದ್ರೆ ನಂಗೆ ಗೊರಕೆ. ಒಂದ್ಸಲ ಓಟಿನಲ್ಲಿ ನಿದ್ದೆಗಣ್ಣಲ್ಲೇ ಎರಡು ಕಡೆಯವರಿಗೂ ಕೈ ಎತ್ತಿದೀನಿ. ಆದ್ರೆ ನನ್ನ ಬೆರಳು ಯಂತ್ರಕ್ಕೆ ಸಿಕ್ಕಿದ ದಿನ ಇಡೀ ಸಾಲಿನ ಯಂತ್ರ ನಿಲ್ಸಿದ್ದು ಅದೇ ಬಾಯಿಬಡುಕನೇ ಕಣೋ.”

ಅಪ್ಪ ಫೋನು ತೆಗೆದು ತನ್ನ ಸ್ಟಾರನ್ನೊಮ್ಮೆ ನೋಡಿಕೊಂಡ. ಸೇರುತ್ತೇನೋ ಇಲ್ಲವೋ ಗೊತ್ತಿಲ್ಲ, ಶನಿವಾರ ಮಾತ್ರ ಬಂದು ನಿಲ್ಲುತ್ತೇನೆ ಎಂದ.

ಇಷ್ಟೆಲ್ಲ ಮಾತಿನಲ್ಲಿ ವಕೀಲಮ್ಮನ ಕಿವಿಗೆ ಬಿದ್ದದ್ದು ಒಂದೇ. ಸ್ಟಾರ್ ಹೋಗುತ್ತದೆ. ಕ್ಲಾಸಿನಲ್ಲಿ ಇನ್ನು ಮುಖ ತೋರಿಸುವುದು ಹೇಗೆ?

ಶನಿವಾರ ಸಂಜೆ ಅಪ್ಪ ಅವಳನ್ನು ಟ್ಯೂಷನ್‌ನಿಂದ ಕರೆದುಕೊಂಡು ನೇರ ಸರ್ಕಲ್ಲಿಗೆ ಬಂದ. ಮುಚ್ಚಿದ ಸೋಫಾ ಅಂಗಡಿಯ ಮುಂದೆ ಬೈಕುಗಳು ಸಾಲಾಗಿ ನಿಂತಿದ್ದವು. ಬೆನ್ನ ಮೇಲೆ ಚೌಕಾಕಾರದ ಖಾಲಿ ಬ್ಯಾಗು ಹೊತ್ತವರು ಮೆಟ್ಟಿಲ ಮೇಲೆ ಕೂತಿದ್ದರು. ಕೆಂಪು ಹೆಲ್ಮೆಟ್ಟಿನ ಅಕ್ಕ ಹೆಲ್ಮೆಟ್ ತೆಗೆಯದೆಯೇ ಓಡಾಡುತ್ತಿದ್ದಳು. ತಲೆಗೂದಲು ಕೆದರಿಹೋಗಿದೆ, ಲೀಡರ್ ತರ ಕಾಣೋದಿಲ್ಲ, ಅದಕ್ಕೇ ತೆಗೆಯುತ್ತಿಲ್ಲ ಎಂದು ತಾನೇ ಹೇಳಿಕೊಂಡಳು.

ಅವಳು ಸನ್ನೆ ಮಾಡಿದ್ದೇ ಎಲ್ಲರೂ ಫೋನು ತೆಗೆದರು. ಪರದೆಯ ಮೇಲಿನ ಹಸಿರು ಗುಂಡಿಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಅಪ್ಪನೂ ಆಫ್ ಮಾಡಿದ. ಮಾಡುವ ಮುಂಚೆ ಅವನ ಹೆಬ್ಬೆರಳು ಒಂದು ಗಳಿಗೆ ತಡೆದದ್ದನ್ನು ಹುಡುಗಿ ನೋಡಿದಳು.

ಗೇಮ್ ಆಡುತ್ತೇನೆ ಎಂದು ಅವಳು ಫೋನು ಕೇಳಿದಳು. ಅಪ್ಪ ಕೊಟ್ಟು, ಉದ್ದ ಮಾಮನ ಬ್ಯಾಂಡೇಜ್ ಸರಿಮಾಡಲು ಹೋದ.

ಆಗ ಹೊಳೆಯಿತು ವಕೀಲಮ್ಮನಿಗೆ ಐಡಿಯಾ. ಇಷ್ಟು ಜನ ಆಫ್ ಇದ್ದಾರೆ. ಇದರಲ್ಲಿ ಒಂದು ಫೋನು ಆನ್ ಇದ್ದರೆ ಯಾರಿಗೆ ಗೊತ್ತಾಗುತ್ತದೆ? ಸಂಘದ ಕೆಲಸವೂ ಆಯಿತು, ಸ್ಟಾರೂ ಉಳಿಯಿತು. ಅಪ್ಪನಿಗೂ ಒಳಗೊಳಗೆ ಅದೇ ಆಸೆ ಇದೆ, ಪಾಪ, ಹೇಳಿಕೊಳ್ಳಲು ನಾಚಿಕೆ. ಇಂಥ ಐಡಿಯಾ ಈ ಸರ್ಕಲ್ಲಿನಲ್ಲಿ ಇನ್ಯಾರಿಗೂ ಬರಲಿಲ್ಲವಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಬೂದು ಗುಂಡಿಯನ್ನು ಮೆಲ್ಲಗೆ ಹಸಿರಿಗೆ ತಳ್ಳಿದಳು. ಫೋನನ್ನು ಟ್ಯೂಷನ್ ಬ್ಯಾಗಿನ ಕೆಳಗೆ ಮುಚ್ಚಿಟ್ಟಳು.

ಯಾರಿಗೂ ಯಾಕೆ ಬಂದಿರಲಿಲ್ಲ ಎನ್ನುವುದು ಕೂಡಲೇ ಗೊತ್ತಾಯಿತು.

ಟಿಂಗ್.

ಮೆಟ್ಟಿಲ ಮೇಲಿನ ಮಾತು ನಿಂತಿತು. ಟಿಂಗ್. ಟಿಂಗ್. ಎಲ್ಲರೂ ತಂತಮ್ಮ ಫೋನು ತೆಗೆದು ನೋಡಿಕೊಂಡರು. ಟಿಂಗ್ ಟಿಂಗ್ ಟಿಂಗ್. ಏರಿಯಾದಲ್ಲಿ ಇದ್ದುದು ಒಂದೇ ಹಸಿರು ಗುಂಡಿ. ಹಸಿದವರ ಆರ್ಡರೆಲ್ಲ ಸೀದಾ ಅದರ ಮೇಲೆಯೇ ಬಂದು ಬೀಳುತ್ತಿದ್ದವು. ಟ್ಯೂಷನ್ ಬ್ಯಾಗು ಕುಣಿಯುವುದೊಂದು ಬಾಕಿ. ಹುಡುಗಿ ಅದರ ಮೇಲೆ ಕೂತಳು. ಆಗಲೂ ಟಿಂಗ್ ಅಂದಿತು.

ಎಲ್ಲರೂ ಅಪ್ಪನ ಕಡೆ ತಿರುಗಿದರು.

“ಸ್ಟಾರ್ ಅಲ್ವಾ,” ಎಂದು ಒಬ್ಬ ಗೊಣಗಿದ. ಉದ್ದ ಮಾಮ, ಅಪ್ಪ ಹಿಡಿದಿದ್ದ ಬ್ಯಾಂಡೇಜಿನ ತುದಿಯನ್ನು ಮೆಲ್ಲಗೆ ಬಿಡಿಸಿಕೊಂಡು ಎಡಗೈಯಿಂದ ತಾನೇ ಕಟ್ಟಿಕೊಳ್ಳಲು ನೋಡಿದ. ಬರಲಿಲ್ಲ.

ಅಪ್ಪ ಮಗಳ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಬಂದು, ಅವಳನ್ನು ಎಬ್ಬಿಸಿ, ಫೋನು ಕೈಗೆ ತೆಗೆದುಕೊಂಡ. ಬೈಯಲಿಲ್ಲ.

“ನನ್ನ ಫೋನು,” ಎಂದ ಎಲ್ಲರಿಗೂ. “ತಪ್ಪು ನಂದೇ.”

ಅವನ ಕಿವಿ ಕೆಂಪಾಗಿತ್ತು. ಅಪ್ಪನ ಕಿವಿ ಹೀಗೆ ಕೆಂಪಾದದ್ದನ್ನು ಹುಡುಗಿ ಎಂದೂ ನೋಡಿರಲಿಲ್ಲ. ಸುಮ್ಮನಿದ್ದರೆ ಅವಳಿಗೇನೂ ಆಗುತ್ತಿರಲಿಲ್ಲ. ಆದರೆ ಇನ್ನು ಮುಂದೆ ಈ ಮೆಟ್ಟಿಲ ಮೇಲೆ ಅಪ್ಪನಿಗೆ ಯಾರೂ ಜಾಗ ಬಿಡುತ್ತಿರಲಿಲ್ಲ.

“ಅಪ್ಪ ಅಲ್ಲ, ನಾನು ಆನ್ ಮಾಡಿದ್ದು,” ಎಂದಳು. ದನಿ ಇಲಿಮರಿಯದಾಗಿತ್ತು. “ಒಂದೇ ಆನ್ ಇದ್ರೆ ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ. ನನ್ನ ತಲೆ ಇರೋದು ಜಡೆ ಹಾಕ್ಕೊಳೋಕೆ ಮಾತ್ರ.”

ಮೊದಲು ನಕ್ಕದ್ದು ಕೆಂಪು ಹೆಲ್ಮೆಟ್ಟಿನ ಅಕ್ಕ. ಮಂಡಿಯೂರಿ ಅವಳ ಎದುರು ಕೂತಳು. “ಸದ್ಯ, ಒಂದು ಒಳ್ಳೇದಾಯ್ತು ಬಿಡು. ನಾವು ಆಫ್ ಮಾಡಿದ್ದು ಯಾರಿಗಾದ್ರೂ ತಾಗ್ತಿದ್ಯಾ ಇಲ್ವಾ ಅಂತ ನಂಗೂ ಡೌಟಿತ್ತು. ಈಗ ಕೇಳಿಸ್ತಲ್ಲ.”

ಟಿಂಗ್ ಅಂದಿತು ಫೋನು, ಹೌದು ಅನ್ನುವ ಹಾಗೆ.

ಅಪ್ಪ ಫೋನನ್ನು ಮಗಳ ಕೈಗೇ ಕೊಟ್ಟ. ಅವಳು ಹಸಿರು ಗುಂಡಿಯನ್ನು ಹಿಂದಕ್ಕೆ ಎಳೆದಳು. ಪರದೆಯ ಮೇಲೆ ಸಾಲೊಂದು ಬಂತು. ಬಂದ ಆರ್ಡರ್ ಬಿಟ್ಟು ಈಗ ಆಫ್ ಮಾಡಿದರೆ ನಿಮ್ಮ ಸ್ಟಾರ್ ಹೋಗುತ್ತದೆ, ಖಚಿತವೇ? ಕೆಳಗೆ ಹೌದು, ಇಲ್ಲ. ಅವಳು ಅಪ್ಪನನ್ನು ನೋಡಿದಳು. ಅಪ್ಪನಿಗೂ ಬೇಜಾರಾಗುತ್ತಿರುವುದು ಕಾಣುತ್ತಿತ್ತು. ಆದರೂ ತಲೆಯಾಡಿಸಿದ.

ಅವಳು ಹೌದು ಒತ್ತಿದಳು. ಬಂಗಾರದ ಬಣ್ಣದ ಸ್ಟಾರ್ ಹೋಯಿತು. ಸದ್ದೂ ಆಗಲಿಲ್ಲ. ಫೋಟೋದಲ್ಲಿ ಅಪ್ಪ ಮೊದಲು ಹೇಗಿದ್ದನೋ ಹಾಗೆಯೇ ಇದ್ದ, ಒಂದು ಕಣ್ಣು ಸ್ವಲ್ಪ ಮುಚ್ಚಿಕೊಂಡು.

ಗೊಣಗಿದವನು ಸರಿದು ಕೂತು ಮೆಟ್ಟಿಲ ಮೇಲೆ ಜಾಗ ಮಾಡಿದ. ಉದ್ದ ಮಾಮ ಬಿಚ್ಚಿಹೋದ ಬ್ಯಾಂಡೇಜನ್ನು ಮತ್ತೆ ಅಪ್ಪನ ಮುಂದೆ ಚಾಚಿದ. ಅಪ್ಪ ಕಟ್ಟುತ್ತಿದ್ದಾಗ ಹುಡುಗಿ ಗಂಟಿನ ಮೇಲೆ ಬೆರಳಿಟ್ಟು ಹಿಡಿದಳು. ಬ್ಯಾಂಡೇಜಿನ ತುದಿಯಲ್ಲಿ ಕಂಡ ಬೆರಳುಗಳು ಇನ್ನೂ ಊದಿಕೊಂಡಿದ್ದವು. ಪಾರ್ಸೆಲ್ ಕೊಟ್ಟ ದಿನ ಎಷ್ಟು ನೋವಾಗಿತ್ತು ಎಂದು ಅವಳು ಕೇಳಿದಳು. ಇದನ್ನು ಇವತ್ತಿನವರೆಗೂ ಯಾರೂ ಕೇಳಿರಲಿಲ್ಲ ಕಣಮ್ಮ ಎಂದ ಉದ್ದ ಮಾಮ.

ಎರಡು ದಿನ ಕಳೆದ ಮೇಲೆ ಕಂಪನಿಯಿಂದ ಅವನಿಗೆ ಫೋನು ಬಂತು. ಈ ಸಲ ಮೆಷಿನ್ ಅಲ್ಲ, ಮನುಷ್ಯ. ಕೈ ಹೇಗಿದೆ ಎಂದು ಕೇಳಿದ. ವಾಸಿಯಾದ ಮೇಲೆ ನೋಡೋಣ ಎಂದನಂತೆ. ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಹೇಳಲಿಲ್ಲ. ಆದರೂ ಆ ಮನುಷ್ಯನ ನಂಬರ್ ಈಗ ಅಕ್ಕನ ಹತ್ತಿರ ಇದೆ.

ಅವತ್ತು ಸಂಜೆ ಅಪ್ಪನಿಗೆ ಆರ್ಡರ್ ಕಮ್ಮಿ ಇತ್ತು. ಬೇಗ ಮನೆಗೆ ಬಂದು ಎಲ್ಲರ ಜೊತೆ ಊಟಕ್ಕೆ ಕೂತ. ಸೇರಿದೆಯೇನೋ ಸಂಘಕ್ಕೆ ಎಂದು ಅಜ್ಜಿ ಕೇಳಿದಳು.

“ಸೇರ್ದೆ,” ಎಂದ ಅಪ್ಪ. “ತಪ್ಪು ಮಾಡಿದ್ನೋ ಏನೋ, ನೋಡೋಣ. ಮೀಟಿಂಗಲ್ಲಿ ಗೊರಕೆ ಬಂದ್ರೆ ಮಾತ್ರ ನನ್ನ ಬೈಬೇಡ, ಅದು ನಿನ್ನ ಕಡೆಯಿಂದ ಬಂದಿದ್ದು.”

ಅಜ್ಜಿ ನಗುತ್ತಾ ಹುಡುಗಿಯ ತಟ್ಟೆಗೆ ತರಕಾರಿ ಬಡಿಸಿದಳು. ಬಡಿಸಿ, ಸೊಂಟದ ಮೇಲೆ ಕೈಯಿಟ್ಟು ಕಾದಳು.

“ಹೇಳು ವಕೀಲಮ್ಮ. ಇವತ್ತು ಎಷ್ಟು ಸ್ಟಾರು?”

ಹುಡುಗಿ ಒಂದು ತುತ್ತು ತಿಂದಳು. ತರಕಾರಿ ಇವತ್ತೂ ಸಪ್ಪೆಯೇ. ಬಾಯಿ ತೆರೆದವಳು ಅಜ್ಜಿಯ ಕಾಲು ನೋಡಿದಳು. ಅಜ್ಜಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಎಡ ಮಂಡಿ ಊದಿಕೊಂಡಿತ್ತು. ಅದು ಎಷ್ಟು ದಿನದಿಂದ ಹಾಗಿದೆಯೋ.

“ಉಪ್ಪು ಸ್ವಲ್ಪ ಕಮ್ಮಿ ಆಗಿದೆ ಅಜ್ಜಿ,” ಎಂದು ಹುಡುಗಿ ಎದ್ದಳು. “ನೀನು ಕೂತ್ಕೋ. ನಾನು ತರ್ತೀನಿ.”